ಹಡಗು ಕಾಯುತ್ತಾ?

ಮೊದಲೇ ಹೇಳಿಬಿಡುತ್ತೇವೆ, ಈ ಬರಹದಲ್ಲಿ ‘ನಾವು’ ಅಂದರೆ ಆರು ಜನ. ಮೂರನೇ ಸೆಮ್, ಒಂದೇ ಸೆಕ್ಷನ್, ಕ್ಯಾಂಟೀನಿನಲ್ಲಿ ಒಂದೇ ಟೇಬಲ್. ಹೆಸರು ಬೇಡ, ನಮ್ಮಲ್ಲಿ ಹೆಸರಿಗಿಂತ ಊರೇ ಜಾಸ್ತಿ ಓಡುತ್ತೆ. ಅರಕಲಗೂಡಿನವನು, ಹೊಳೆನರಸೀಪುರದವನು, ಚನ್ನರಾಯಪಟ್ಟಣದವಳು, ಹಾಸನದವಳು, ಈ ನಾಲ್ಕು ಜನ ಇದೇ ಜಿಲ್ಲೆ. ವಿಜಯಪುರದವಳು ಮತ್ತು ಗದಗದವನು ಸಿಇಟಿ ಕೌನ್ಸೆಲಿಂಗ್ ತಂದು ಇಲ್ಲಿ ಹಾಕಿದವರು. ಬರೀತಿರೋದು ಒಬ್ಬರೇ, ಯಾರು ಅಂತ ಮಾತ್ರ ಕೇಳಬೇಡಿ. ಆರರಲ್ಲಿ ನಾಲ್ವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತು, ದೀರ್ಘ ಎಲ್ಲಾದರೂ ಜಾರಿದ್ದರೆ ಕನ್ನಡ ಸಂಘದ ಸೀನಿಯರ್‌ಗಳು ಸರಿ ಮಾಡಿರುತ್ತಾರೆ ಅಂತ ನಂಬಿದ್ದೇವೆ.

ವಿಷಯ ಇಷ್ಟೆ. ವಿಜಯಪುರದವಳಿಗೂ ಗದಗದವನಿಗೂ ಹಾಸನಕ್ಕೆ ಬಂದು ವರ್ಷ ದಾಟಿತು. ಬೇಲೂರು, ಹಳೇಬೀಡು ಮೊದಲ ವರ್ಷವೇ ಮುಗಿದಿತ್ತು. ಅದು ಬಿಟ್ಟರೆ ಅವರ ಪಾಲಿಗೆ ಜಿಲ್ಲೆ ಅಂದರೆ ಕಾಲೇಜು, ಬಸ್ ಸ್ಟ್ಯಾಂಡ್, ಎರಡು ಹೋಟೆಲ್. ‘ನಿಮ್ಮ ಊರು ನಿಮ್ಮ ಊರು ಅಂತೀರಿ, ಒಂದರೆ ತೋರಸ್ರಿ’ ಅಂತ ಗದಗದವನು ದಿನಾ ಹಂಗಿಸುತ್ತಿದ್ದ. ಸರಿ, ಒಂದು ಭಾನುವಾರ ಮೂರೂ ಊರು ಸುತ್ತಿ ಬರೋಣ ಅಂತಾಯಿತು. ಹಾಸನದವಳು ‘ನಮ್ಮೂರು ಯಾಕೆ ಲಿಸ್ಟಲ್ಲಿಲ್ಲ?’ ಅಂದಳು. ಹಾಸನಾಂಬೆ ಬಾಗಿಲು ತೆಗೆಯೋದೇ ವರ್ಷಕ್ಕೊಂದು ಸಲ, ದೀಪಾವಳಿ ಹೊತ್ತಿಗೆ, ಆ ದಿನಗಳು ಕಳೆದುಹೋಗಿದ್ದವು. ಅವಳಿಗೂ ವಾದ ಮಾಡೋಕೆ ಏನೂ ಉಳಿದಿರಲಿಲ್ಲ.

ಊರುಗಳು ಗೊತ್ತಾದವು, ಹೋಗೋದು ಹೇಗೆ ಅನ್ನೋದು ಗೊತ್ತಾಗಲಿಲ್ಲ. ಹೊಳೆನರಸೀಪುರದವನಿಗೆ ಲೈಸೆನ್ಸ್ ಇದೆ, ಮನೆಯ ಕಾರು ಓಡಿಸಿ ಕೈ ಪಳಗಿದೆ. ಅವನು ಸೆಲ್ಫ್ ಡ್ರೈವ್ ಕಾರು ತಗೊಳ್ಳೋಣ ಅಂದ. ಚನ್ನರಾಯಪಟ್ಟಣದವಳು ಡಿಪಾರ್ಟ್‌ಮೆಂಟಿನವರು ಹೇಗೂ ಶ್ರವಣಬೆಳಗೊಳಕ್ಕೆ ಬಸ್ ಮಾಡ್ತಿದ್ದಾರೆ, ಅದಕ್ಕೇ ಹೆಸರು ಕೊಡೋಣ ಅಂದಳು. ಅರಕಲಗೂಡಿನವನು ಏನೂ ಅನ್ನಲಿಲ್ಲ. ರಾಮನಾಥಪುರದ ಹತ್ತಿರದ ಹಳ್ಳಿಯಲ್ಲಿರೋ ಅವನ ಅಜ್ಜಿ ‘ನಿನ್ ಜೊತೆಗಾರ್ರನ್ನೂ ಕರ್ಕೊಂಡ್ ಬಾ’ ಅಂತ ಎರಡು ಸಲ ಫೋನ್ ಮಾಡಿಸಿದ್ದರು. ಅಜ್ಜಿ ಮನೆ ಯಾವ ಟೂರಿನ ಪಟ್ಟಿಯಲ್ಲೂ ಬರಲ್ಲ ಅಂತ ಅವನಿಗೆ ಗೊತ್ತಿತ್ತು.

ಈ ಜಗಳದ ಮಧ್ಯೆ ಹಾಸನದವಳ ದೊಡ್ಡಪ್ಪನ ಮಗ ರಜೆಗೆ ಊರಿಗೆ ಬಂದರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿರೋ ಅಣ್ಣ. ಅವರ ಮನೆಯಲ್ಲಿ ಕಾಫಿ ಕುಡೀತಾ ನಮ್ಮ ತಲೆನೋವು ಹೇಳಿಕೊಂಡರೆ ಅವರು ನಕ್ಕುಬಿಟ್ಟರು. ‘ನಮ್ಮ ಹಡಗಲ್ಲಿ ಪ್ರತಿ ಬಂದರಿನ ಹಿಂದಿನ ರಾತ್ರಿ ಇದೇ ಚರ್ಚೆ ಕಣಮ್ಮ’ ಅಂದರು.

ಅವರು ಹೇಳಿದ್ದು ಹೀಗೆ. ಹಡಗು ಬೆಳಿಗ್ಗೆ ಬಂದರಿಗೆ ಕಟ್ಟುತ್ತೆ, ಸಂಜೆ ಬಿಡುತ್ತೆ. ನಡುವೆ ಎಂಟು-ಹತ್ತು ಗಂಟೆ. ಊರು ನೋಡೋಕೆ ಎರಡು ದಾರಿ. ಹಡಗಿನವರೇ ಮಾರೋ ಟೂರಿಗೆ ದುಡ್ಡು ಕಟ್ಟಿ ಅವರ ಬಸ್ಸಲ್ಲಿ ಹೋಗಬಹುದು. ಇಲ್ಲ, ಬಂದರಿನ ಗೇಟಿಂದಾಚೆ ಬಂದು ನೀವೇ ಕಾರು ಬಾಡಿಗೆಗೆ ತಗೊಂಡು ಸುತ್ತಬಹುದು. ಟೂರು ದುಬಾರಿ, ನಲವತ್ತು ಜನರ ಹಿಂದೆ ಬಾವುಟ ನೋಡಿಕೊಂಡು ನಡೀಬೇಕು. ಕಾರು ಸಾಮಾನ್ಯವಾಗಿ ಅಗ್ಗ, ಅದರಲ್ಲೂ ನಾಲ್ಕು ಜನ ಇದ್ದರೆ. ಆದರೆ ವ್ಯತ್ಯಾಸ ಇರೋದು ಸಂಜೆಯಲ್ಲಿ. ಹಡಗಿನ ಟೂರ್ ಬಸ್ಸು ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡರೆ ಹಡಗು ಸಾಮಾನ್ಯವಾಗಿ ಕಾಯುತ್ತೆ, ಕಾಯೋಕೆ ಆಗದಿದ್ದರೆ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಸ್ವಂತ ಕಾರಲ್ಲಿ ಹೋದವರು ತಡವಾದರೆ ಕಾಯಲ್ಲ. ಪಾಸ್‌ಪೋರ್ಟನ್ನು ಬಂದರಿನ ಏಜೆಂಟ್ ಕೈಗೆ ಕೊಟ್ಟು ಹಡಗು ಹೊರಟುಬಿಡುತ್ತೆ. ಮುಂದಿನ ಬಂದರಿನ ತನಕ ನಿಮ್ಮ ಖರ್ಚು, ನಿಮ್ಮ ಪಾಡು. ಕೊನೇ ನಿಮಿಷದಲ್ಲಿ ಓಡಿ ಬರೋರನ್ನ ಡೆಕ್ಕಿನ ಮೇಲೆ ನಿಂತು ನೋಡಿ ಚಪ್ಪಾಳೆ ಹೊಡೆಯೋ ಪ್ರಯಾಣಿಕರೂ ಇರ್ತಾರಂತೆ. (ನಮ್ಮ ಬಾಯ್ಸ್ ಹಾಸ್ಟೆಲ್ ಬಾಲ್ಕನಿ ನೆನಪಾಯಿತು.)

ಮಂಗಳೂರಿಗೂ ಕ್ರೂಸ್ ಹಡಗು ಬರುತ್ತೆ ಅನ್ನೋದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದ ಸೀಸನ್ನಿನಲ್ಲಿ ಬರುತ್ತವೆ. ಇಳಿದವರನ್ನು ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ, ಇಂಥ ಕಡೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಚನ್ನರಾಯಪಟ್ಟಣದವಳ ಮುಖ ಸಪ್ಪಗಾಯಿತು. ಹಡಗಿನವರಿಗೆ ಸಿಗೋ ಗೊಮ್ಮಟ ಕಾರ್ಕಳದ್ದು, 1432ರ 42 ಅಡಿಯದು. ಅವಳ ತಾಲ್ಲೂಕಿನ ಶ್ರವಣಬೆಳಗೊಳದ್ದು ಅದಕ್ಕಿಂತ ಸುಮಾರು ನಾಲ್ಕೂವರೆ ಶತಮಾನ ಹಳೆಯದು, 58 ಅಡಿ ಎತ್ತರದ್ದು. ಆದರೆ ಶಿರಾಡಿ ಘಾಟಿ ಹತ್ತಿ ಬಂದು, ಬೆಟ್ಟ ಹತ್ತಿ ಇಳಿದು, ಮತ್ತೆ ಘಾಟಿ ಇಳಿದು ಸಂಜೆಯೊಳಗೆ ಪಣಂಬೂರು ಮುಟ್ಟೋಕೆ ಯಾವ ಲೆಕ್ಕದಲ್ಲೂ ಆಗಲ್ಲ. ಹಡಗು ಬಿಡೋ ಹೊತ್ತು ಏನು ಅನ್ನೋದರ ಮೇಲೆ ಒಬ್ಬ ಮನುಷ್ಯ ಯಾವ ಗೊಮ್ಮಟನನ್ನು ನೋಡ್ತಾನೆ ಅನ್ನೋದು ತೀರ್ಮಾನ ಆಗುತ್ತೆ.

‘ದೂರದ ಜಾಗಕ್ಕೆ ಹಡಗಿನ ಟೂರ್, ಹತ್ತಿರದ್ದಕ್ಕೆ ಸ್ವಂತ. ಸ್ವಂತ ಹೋದ್ರೆ ಮೊದಲು ದೂರದ್ದು ನೋಡಿ, ಆಮೇಲೆ ಬಂದರಿನ ಕಡೆಗೇ ಬರ್ತಾ ಬರ್ತಾ ಉಳಿದಿದ್ದು ನೋಡಿ’ ಅಂತ ಅಣ್ಣ ಸೂತ್ರ ಕೊಟ್ಟರು. ಆಮೇಲೆ ಕೇಳಿದರು, ‘ಅಂದ ಹಾಗೆ ನಿಮ್ಮ ಹಡಗು ಎಷ್ಟೊತ್ತಿಗೆ ಬಿಡುತ್ತೆ?’

ನಮ್ಮ ಹಡಗು ಅಂದರೆ ಲೇಡೀಸ್ ಹಾಸ್ಟೆಲ್ ಗೇಟು. ಸಂಜೆ ಏಳೂವರೆ. ಬಾಯ್ಸ್ ಹಾಸ್ಟೆಲ್ ಒಂಬತ್ತೂವರೆ, ಅದೂ ವಾಚ್‌ಮನ್ ಅಣ್ಣನ ಮೂಡ್ ಮೇಲೆ. ಹಾಸನದವಳು ಮನೆಯಿಂದ ಬರೋಳು, ಅವಳಿಗೆ ಗೇಟಿಲ್ಲ, ಅಮ್ಮ ಇದ್ದಾರೆ. ಚನ್ನರಾಯಪಟ್ಟಣದವಳು, ವಿಜಯಪುರದವಳು ಹಾಸ್ಟೆಲ್. ತಡವಾದರೆ ರಿಜಿಸ್ಟರಿನಲ್ಲಿ ಕೆಂಪು ಇಂಕು. ಎರಡನೇ ಕೆಂಪು ಬಿದ್ದರೆ ಮನೆಗೆ ಪತ್ರ. ವಿಜಯಪುರದವಳಿಗೆ ಒಂದು ಆಗಲೇ ಬಿದ್ದಿತ್ತು. ದಸರಾ ಮುಗಿಸಿ ವಾಪಸ್ ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು, ಟಿಕೆಟ್ ತೋರಿಸಿದರೂ ಬರೆದರು. ಅವಳಪ್ಪ ಇಷ್ಟು ದೂರ ಕಳಿಸೋಕೆ ಒಪ್ಪಿದ್ದೇ ಅವಳ ಸೋದರಮಾವ ಮಧ್ಯೆ ಬಂದು ಮಾತಾಡಿದ್ದಕ್ಕೆ. ಪತ್ರ ಹೋದರೆ ಏನಾಗುತ್ತೆ ಅಂತ ಅವಳು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ನಾವೂ ಕೇಳಿಲ್ಲ.

ಇನ್ನು ಸೆಲ್ಫ್ ಡ್ರೈವ್ ಕಾರಿನ ಕಥೆ. ಆ್ಯಪ್ ನೋಡಿದರೆ ನಮಗೆ ಕಂಡ ಕಂಪನಿಗಳೆಲ್ಲ ವಯಸ್ಸು 21 ತುಂಬಿರಬೇಕು ಅನ್ನುತ್ತಿದ್ದವು. ಕಾರು ಓಡಿಸೋ ಲೈಸೆನ್ಸ್ 18ಕ್ಕೇ ಸಿಗುತ್ತೆ, ಬಾಡಿಗೆ ಕಾರು ಮಾತ್ರ ಇನ್ನೂ ಮೂರು ವರ್ಷ ಕಾಯಬೇಕು. ನಮ್ಮೆಲ್ಲರ ವಯಸ್ಸು ಹತ್ತೊಂಬತ್ತು. ಆದರೆ ಊರಲ್ಲಿ ಎಲ್ಲದಕ್ಕೂ ಒಬ್ಬರು ಪರಿಚಯದವರು ಇದ್ದೇ ಇರ್ತಾರಲ್ಲ. ಹೊಳೆನರಸೀಪುರದವನು ಅಂಥ ಒಬ್ಬರನ್ನು ಹುಡುಕಿದ. ದಿನಕ್ಕೆ 2,000 ರೂಪಾಯಿ, ಪೆಟ್ರೋಲ್ ನಮ್ಮದು, 5,000 ಡೆಪಾಸಿಟ್, ವಯಸ್ಸು ಗಿಯಸ್ಸು ಕೇಳಲ್ಲ. ಐದು ಸೀಟಿನ ಕಾರು, ಆರು ಜನ. ‘ಅಡ್ಜಸ್ಟ್ ಮಾಡ್ಕೊಳ್ರೋ’ ಅಂದ.

ಚನ್ನರಾಯಪಟ್ಟಣದವಳ ಅಪ್ಪ ಇಪ್ಪತ್ತು ವರ್ಷದಿಂದ ಟ್ಯಾಕ್ಸಿ ಓಡಿಸೋರು. ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟಳು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬೋರ್ಡ್ ಯಾವ ಬಣ್ಣ ಮಗ?’

ಬಿಳಿ.

‘ಹಂಗಾರೆ ಬ್ಯಾಡ’ ಅಂದರು, ಆಮೇಲೆ ಹತ್ತು ನಿಮಿಷ ಪಾಠ. ನಮ್ಮ ಯಾವ ಸಬ್ಜೆಕ್ಟಿನಲ್ಲೂ ಇಲ್ಲದ ಪಾಠ ಅಂತ ಇಲ್ಲಿ ಬರೀತಿದ್ದೇವೆ. ಬಿಳಿ ಬೋರ್ಡಿಗೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಗಾಡಿ. ಹಳದಿ ಬೋರ್ಡಿಗೆ ಕಪ್ಪು ಅಕ್ಷರ ಇದ್ದರೆ ಡ್ರೈವರ್ ಸಮೇತ ಬಾಡಿಗೆಗೆ ಬರೋ ಗಾಡಿ. ಕಪ್ಪು ಬೋರ್ಡಿಗೆ ಹಳದಿ ಅಕ್ಷರ ಇದ್ದರೆ, ಅದು ನೀವೇ ಓಡಿಸೋಕೆ ಕಾನೂನು ಪ್ರಕಾರ ಬಾಡಿಗೆಗೆ ಕೊಡೋ ಗಾಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಬಾಡಿಗೆಗೆ ಓಡೋ ಗಾಡಿಗೆ ಪರ್ಮಿಟ್ ಬೇಕು, ಬಿಳಿ ಬೋರ್ಡಿನ ಕಾರಿಗೆ ಅದು ಇರಲ್ಲ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಅಂತ ಷರತ್ತು ಇರುತ್ತೆ. ‘ಚೆನ್ನಾಗ್ ಹೋಗಿ ಚೆನ್ನಾಗ್ ಬಂದ್ರೆ ಯಾರೂ ಕೇಳಕ್ಕಿಲ್ಲ. ಏನಾರ ಆದ್ರೆ ಇನ್ಶೂರೆನ್ಸ್‌ನೋರು ಪಾಲಿಸಿ ತೋರ್ಸಿ ಕೈ ಎತ್ತುತಾರೆ, ಓನರ್ರು ನಾನು ಸ್ನೇಹಕ್ಕೆ ಕೊಟ್ಟಿದ್ದು ಅಂತಾನೆ. ಕೊನೇಗ್ ಉಳಿಯೋನು ಸ್ಟೇರಿಂಗ್ ಹಿಡ್ದೋನು ಒಬ್ನೇ ಕಣವ್ವ.’

ಸ್ಟೇರಿಂಗ್ ಹಿಡೀಬೇಕಾಗಿದ್ದ ಹೊಳೆನರಸೀಪುರದವನು ಫೋನನ್ನೇ ನೋಡ್ತಾ ಕೂತಿದ್ದ. ಅವನಿಗೆ ಓಡಿಸೋ ಆಸೆ ಎಷ್ಟಿತ್ತು ಅಂತ ನಮಗೆ ಗೊತ್ತು. ಪ್ಲೇಲಿಸ್ಟ್ ಕೂಡ ರೆಡಿ ಮಾಡಿದ್ದ.

ಕೆಎಸ್‌ಆರ್‌ಟಿಸಿ ಅನ್ನೋ ಮೂರನೇ ದಾರಿಯೂ ಇತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಗುಂಪಿನ ಲೆಕ್ಕವೇ ಬದಲಾಗಿದೆ. ಮೂವರು ಹುಡುಗಿಯರಿಗೂ ಸಾಮಾನ್ಯ ಬಸ್ಸಲ್ಲಿ, ಎಕ್ಸ್‌ಪ್ರೆಸ್ಸಲ್ಲಿ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಹುಡುಗರಿಗೂ ಇಡೀ ಸುತ್ತಿಗೆ ತಲೆಗೆ 200 ಚಿಲ್ಲರೆ. ದುಡ್ಡು ಮಾತ್ರ ನೋಡೋದಾದರೆ ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಆದರೆ ಹಾಸನದಿಂದ ಹೊಳೆನರಸೀಪುರಕ್ಕೆ, ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ ಬಸ್ಸಿಗೇನೂ ಬರವಿಲ್ಲ. ಬರ ಇರೋದು ಆ ಊರುಗಳ ನಡುವೆ ಅಡ್ಡ ಹೋಗೋಕೆ. ತಾಲ್ಲೂಕಿಂದ ಹಳ್ಳಿಗೆ ಹೋಗೋ ಬಸ್ಸು ಬೆಳಿಗ್ಗೆ ಹೋದರೆ ಸಂಜೆಯೇ. ಕೊನೇ ಬಸ್ಸು ಹಡಗಿಗಿಂತ ಕಲ್ಲುಮನಸ್ಸಿನದು, ಅದಕ್ಕೆ ಏಜೆಂಟೂ ಇಲ್ಲ. ಹೊಳೆನರಸೀಪುರದ ಮೇಲೆ ಹಾಸನ–ಮೈಸೂರು ರೈಲೂ ಹೋಗುತ್ತೆ, ಅದರ ಟೈಮು ಅಜ್ಜಿ ಮನೆ ಊಟದ ಟೈಮಿಗೆ ಕೂಡಲಿಲ್ಲ.

ಕೊನೆಗೆ ಹಡಗಿನ ಅಣ್ಣನ ಸೂತ್ರವನ್ನೇ ಹಿಡಿದು ಎರಡು ಭಾನುವಾರ ಮಾಡಿಕೊಂಡೆವು. ಪೂರ್ವದ ಕಡೆಯ ಚನ್ನರಾಯಪಟ್ಟಣಕ್ಕೆ ಕಾಲೇಜಿನ ಬಸ್ಸು. ಅರಕಲಗೂಡು, ಹೊಳೆನರಸೀಪುರಕ್ಕೆ ನಮ್ಮದೇ ಏರ್ಪಾಡು.

ಕಾಲೇಜಿನ ಟ್ರಿಪ್ಪಿನ ಬಗ್ಗೆ ಜಾಸ್ತಿ ಹೇಳೋದಿಲ್ಲ, ಅರ್ಧ ಕ್ಯಾಂಪಸ್ ಅದರಲ್ಲೇ ಇತ್ತು. ತಲೆಗೆ 650, ಊಟ ಸೇರಿ. ಐವತ್ತೆರಡು ಜನ, ಇಬ್ಬರು ಲೆಕ್ಚರರ್. ಮೊದಲು ಶ್ರವಣಬೆಳಗೊಳ, ಮಧ್ಯಾಹ್ನದ ಮೇಲೆ ನುಗ್ಗೇಹಳ್ಳಿ ಅಂತ ಪ್ಲಾನ್. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯನ್ನೇ ಕಡಿದು ಮಾಡಿದ್ದು, ಬರಿಗಾಲಲ್ಲೇ ಹತ್ತಬೇಕು. ಗದಗದವನು ಹತ್ತುವಾಗ ಎಣಿಸಿದ, ಇಳಿಯುವಾಗ ಎಣಿಸಿದ, ಎರಡೂ ಲೆಕ್ಕ ಬೇರೆ ಬೇರೆ ಬಂತು. ಮೇಲೆ ಹೋದ ಮೇಲೆ ಮಾತ್ರ ಎಲ್ಲರೂ ಸುಮ್ಮನಾದೆವು. ಸುಮಾರು 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ, ಹಿಂದೆ ಆಸರೆಯಿಲ್ಲ, ಮೇಲೆ ಚಾವಣಿಯಿಲ್ಲ. ಸಿವಿಲ್ ಬ್ರಾಂಚಿನವರು ಲೋಡ್ ಲೆಕ್ಕ ಹಾಕೋಕೆ ಶುರು ಮಾಡಿದರು. ಅವರನ್ನು ದೇವರೂ ಸರಿ ಮಾಡೋಕಾಗಲ್ಲ.

ಇಳಿಯೋ ಹೊತ್ತಿಗೆ ಬೇರೆ ಸೆಕ್ಷನ್ನಿನ ಇಬ್ಬರು ಕಾಣಲಿಲ್ಲ. ಎದುರಿನ ಚಂದ್ರಗಿರಿಗೂ ಹತ್ತಿಬಿಟ್ಟಿದ್ದರು, ಫೋನ್ ಸ್ವಿಚ್ ಆಫ್. ಬಸ್ಸು ನಿಂತಿತು. ನಲವತ್ತು ನಿಮಿಷ. ಯಾರನ್ನೂ ಬಿಟ್ಟು ಹೋಗಲಿಲ್ಲ, ಬಿಡೋ ಮಾತೇ ಬರಲಿಲ್ಲ. ಹಡಗಿನ ಟೂರ್ ಅಂದರೆ ಇದೇ. ಆದರೆ ಆ ನಲವತ್ತು ನಿಮಿಷ ಎಲ್ಲಿಂದ ಬಂತು? ನುಗ್ಗೇಹಳ್ಳಿ ಲೆಕ್ಕದಿಂದ. ಚನ್ನರಾಯಪಟ್ಟಣ ಸರ್ಕಲ್ ಹತ್ತಿರ ಟೀ ಕುಡಿಸಿ, ‘ಟೈಮಾಯ್ತು, ನುಗ್ಗೇಹಳ್ಳಿ ಇನ್ನೊಂದ್ಸಲ’ ಅಂತ ಬಸ್ಸನ್ನು ಹಾಸನದ ಕಡೆ ತಿರುಗಿಸಿದರು.

ಚನ್ನರಾಯಪಟ್ಟಣದವಳು ಒಂದು ವಾರದಿಂದ ನಮ್ಮ ತಲೆಗೆ ತುಂಬಿದ್ದಳು: ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು, ಬೈಚೋಜ, ಮಲ್ಲಿತಮ್ಮ ಅಂತ ಶಿಲ್ಪಿಗಳ ಹೆಸರೂ ಸಿಗುತ್ತೆ, ಬೇಲೂರಿನ ಹಾಗೆ ಜನಜಂಗುಳಿ ಇಲ್ಲ. ಬಸ್ಸು ತಿರುಗಿದಾಗ ಅವಳು ಕಿಟಕಿ ಕಡೆ ಮುಖ ಮಾಡಿಕೊಂಡಳು. ಅವಳ ಮನೆ ಆ ಸರ್ಕಲ್ಲಿಂದ ಹತ್ತು ನಿಮಿಷದ ನಡಿಗೆ. ಅಪ್ಪ ಟೀ ಅಂಗಡಿ ಹತ್ತಿರಕ್ಕೇ ಬಂದು ಮಗಳ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟು ಹೋದರು. ನಾವು ಅವರನ್ನು ಮುಖತಃ ನೋಡಿದ್ದು ಅಷ್ಟೇ ಹೊತ್ತು.

ಹಾಸ್ಟೆಲ್ ಗೇಟಿಗೆ ಬಂದಾಗ ಎಂಟು ಹತ್ತು. ವಾರ್ಡನ್ ಮೇಡಂ ತಾವೇ ಬಾಗಿಲು ತೆಗೆದರು, ಲಿಸ್ಟ್ ನೋಡಿ ಟಿಕ್ ಹಾಕಿಕೊಂಡರು. ‘ಚಳಿ, ಬೇಗ ಒಳಗೆ ನಡೀರಿ ಮಕ್ಳ’ ಅಂತ ಬೇರೆ ಅಂದರಂತೆ. ಕೆಂಪು ಇಂಕಿಲ್ಲ. ಅದೇ ನಲವತ್ತು ನಿಮಿಷ ವಿಜಯಪುರದವಳು ಒಬ್ಬಳೇ ಕೆಎಸ್‌ಆರ್‌ಟಿಸಿಯಲ್ಲಿ ತಡವಾಗಿ ಬಂದಿದ್ದರೆ ಪತ್ರ ಹೋಗ್ತಿತ್ತು. ತಡ ಒಂದೇ, ಯಾರ ಲಿಸ್ಟಿನಲ್ಲಿ ತಡ ಅನ್ನೋದು ಬೇರೆ.

ಎರಡನೇ ಭಾನುವಾರ, ಡಿಸೆಂಬರ್ ಮಧ್ಯ. ಚನ್ನರಾಯಪಟ್ಟಣದವಳ ಅಪ್ಪನೇ ತಮ್ಮ ಸ್ನೇಹಿತರ ಎರ್ಟಿಗಾ ಗೊತ್ತು ಮಾಡಿಕೊಟ್ಟರು. ಹಳದಿ ಬೋರ್ಡ್, ಡ್ರೈವರ್ ಅಣ್ಣ ಒಬ್ಬರು, ಹಿಂದೆ ಆರು ಸೀಟು ನಮಗೆ. ದೂರದ ಟ್ರಿಪ್ಪಿಗೆ ಟ್ಯಾಕ್ಸಿಯವರು ದಿನಕ್ಕೆ ಇಷ್ಟು ಕನಿಷ್ಠ ಕಿಲೋಮೀಟರ್ ಅಂತ ಲೆಕ್ಕ ಹಿಡೀತಾರೆ, ಅಷ್ಟು ಓಡದಿದ್ದರೂ ಅಷ್ಟಕ್ಕೆ ದುಡ್ಡು. ನಮ್ಮ ಸುತ್ತು ಸುಮಾರು 130 ಕಿಲೋಮೀಟರ್. ಆ ಲೆಕ್ಕ ಬೇಡ ಅಂತ ಒಟ್ಟು 3,600ಕ್ಕೆ ಮಾತಾಯಿತು. ತಲೆಗೆ 600. ಔಟ್‌ಪಾಸಿನಲ್ಲಿ ‘ಸಹಪಾಠಿಯ ಅಜ್ಜಿ ಮನೆ’ ಅಂತಲೇ ಬರೆದು ಅಜ್ಜಿ ಮನೆಯ ಫೋನ್ ನಂಬರ್ ಕೊಟ್ಟಿದ್ದೆವು. ಹತ್ತುವಾಗಲೇ ಡ್ರೈವರ್ ಅಣ್ಣ ಹೇಳಿದರು, ‘ನಿಮ್ ಗೇಟು ಏಳೂವರೆ ಅಂತ ಅವ್ರಪ್ಪ ಹೇಳವ್ರೆ. ಗಾಡಿ ನಂದು, ಟೈಮ್ ನಿಮ್ದು. ನಾನು ಒಂದ್ಸಲ ಹೇಳ್ತೀನಿ, ಎರಡ್ನೇ ಸಲ ಹೇಳಕ್ಕಿಲ್ಲ.’

ಶೆಟ್ಟಿಹಳ್ಳಿ ಚರ್ಚನ್ನು ಮೊದಲೇ ಬಿಟ್ಟೆವು, ಅದಕ್ಕೆ ಇನ್ನೊಂದು ದಿನವೇ ಬೇಕು. ಗೊರೂರಿನಲ್ಲಿ ಹತ್ತು ನಿಮಿಷ ಇಳಿದೆವು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟು, ಗರಿಷ್ಠ ಮಟ್ಟ 2,922 ಅಡಿ, ತುಂಬಿದರೆ 37 ಟಿಎಂಸಿ ಚಿಲ್ಲರೆ. ಮಳೆಗಾಲದ ಪೇಪರಿನಲ್ಲಿ ದಿನಾ ಓದೋ ನಂಬರ್ ಇದೇ ಗೋಡೆ ಹಿಂದಿನದ್ದು. ಹಾಸನದವಳು ಇನ್ನೊಂದು ನೆನಪಿಸಿದಳು. ‘ಅಮೆರಿಕಾದಲ್ಲಿ ಗೊರೂರು’ ಬರೆದು 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಇದು. ಅವರು ಅಮೆರಿಕ ನೋಡಿಬಂದರು, ನಮ್ಮಲ್ಲಿ ಮೂವರು ಇಪ್ಪತ್ತೈದು ಕಿಲೋಮೀಟರ್ ದೂರದ ಗೊರೂರನ್ನೇ ಅವತ್ತು ನೋಡಿದ್ದು.

ಅರಕಲಗೂಡು ದಾಟಿ ಕೊಣನೂರು. ಕಾವೇರಿ ಮೇಲಿನ ತೂಗುಸೇತುವೆ ಮಧ್ಯಕ್ಕೆ ಹೋಗಿ ಗದಗದವನು ಬೇಕಂತಲೇ ಕುಣಿದ. ಆಮೇಲೆ ರಾಮನಾಥಪುರ. ರಾಮೇಶ್ವರ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ವಹ್ನಿ ಪುಷ್ಕರಿಣಿ, ಅಲ್ಲಿ ಮೀನು ಹಿಡಿಯೋ ಹಾಗಿಲ್ಲ. ಪುರಿ ಹಾಕಿದರೆ ದೊಡ್ಡ ದೊಡ್ಡ ಮೀನು ಒಂದರ ಮೇಲೊಂದು ಬಿದ್ದು ಬಾಯಿ ತೆರೆದು ಬರುತ್ತವೆ. ವಿಜಯಪುರದವಳು ಅಲ್ಲೇ ಕೂತುಬಿಟ್ಟಳು. ಎರಡು ಪೊಟ್ಟಣ ಮುಗಿಯೋ ತನಕ ಎದ್ದಿಲ್ಲ, ನಾವೂ ಎಬ್ಬಿಸಲಿಲ್ಲ. ಬಾವುಟ ಹಿಡಿದು ಕರೆಯೋರು ಯಾರೂ ಇರಲಿಲ್ಲವಲ್ಲ, ಬಾಡಿಗೆ ಗಾಡಿಯ ಸುಖ ನಮಗೆ ಗೊತ್ತಾಗಿದ್ದು ಆ ಮೆಟ್ಟಿಲ ಮೇಲೆ.

ಅಜ್ಜಿ ಮನೆಗೆ ಹೋದಾಗ ಒಂದೂವರೆ. ಅಜ್ಜಿ ಬಾಗಿಲಲ್ಲೇ ನಿಂತು ‘ಕಾರ್ ಮಾಡ್ಕಂಡ್ ಬಂದವ್ರೆ ನೋಡು!’ ಅಂತ ಪಕ್ಕದ ಮನೆಯವರಿಗೆ ಕೂಗಿ ಹೇಳಿದರು. ನಾವು ರೆಂಟ್, ಬುಕ್ ಅಂತ ಹದಿನೈದು ದಿನ ಒದ್ದಾಡಿದ್ದಕ್ಕೆ ಅವರಲ್ಲಿ ಒಂದೇ ಮಾತು, ಗಾಡಿ ಮಾಡ್ಕೊಂಡು ಬರೋದು. ಡ್ರೈವರ್ ಅಣ್ಣನನ್ನೂ ಬಿಡದೆ ಪಂಕ್ತಿಯಲ್ಲಿ ಕೂರಿಸಿದರು. ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ರೊಟ್ಟಿ ಊರಿನ ಇಬ್ಬರೂ ಮುದ್ದೆಯನ್ನು ಅಗಿಯೋದು ನೋಡಿ ಅಜ್ಜಿಗೆ ನಗು ತಡೆಯಲಿಲ್ಲ. ‘ಅಗೀಬ್ಯಾಡ ಕಣವ್ವ, ನುಂಗು. ಅದೇ ದಾರಿ ನೋಡ್ಕತದೆ.’ ವಿಜಯಪುರದವಳು ಮೂರನೇ ತುತ್ತಿಗೆ ಕಲಿತಳು. ಗದಗದವನು ಇನ್ನೂ ಕಲಿತಿಲ್ಲ.

ಊಟ ಆದ ಮೇಲೆ ಅಜ್ಜಿ ಹಳೇ ಫೋಟೋ ತೆಗೆದರು. ಅರಕಲಗೂಡಿನವನ ತಾತ ಹೋದ ವರ್ಷ ತೀರಿಕೊಂಡ ಮೇಲೆ ಅಜ್ಜಿ ಒಬ್ಬರೇ. ಅವನು ಅದನ್ನು ನಮಗೆ ಸರಿಯಾಗಿ ಹೇಳೇ ಇರಲಿಲ್ಲ. ಅವತ್ತು ಇಂಟರ್ನಲ್ಸ್ ಬಿಟ್ಟು ಊರಿಗೆ ಹೋಗಿದ್ದು ಯಾಕೆ ಅಂತ ನಮಗೆ ಅಲ್ಲಿ ಗೊತ್ತಾಯಿತು. ಮೂರೂವರೆ ಆಯಿತು. ಡ್ರೈವರ್ ಅಣ್ಣ ಬಾಗಿಲ ಹತ್ತಿರ ಬಂದು ‘ಒಂದ್ಸಲ ಹೇಳ್ದೆ’ ಅಂದರು. ಅಜ್ಜಿ ‘ಕಾಫಿ ಕುಡ್ಕಂಡ್ ಹೋಗಿ’ ಅಂದರು. ಕಾಫಿಗೆ ಹಾಲು ಕರೆದು ತರಬೇಕಿತ್ತು. ಎದ್ದಿದ್ದು ನಾಲ್ಕೂ ಮುಕ್ಕಾಲಿಗೆ.

ಹೊಳೆನರಸೀಪುರಕ್ಕೆ ಹೋಗೋ ದಾರಿಯಲ್ಲಿ ಎದುರು ಟ್ರ್ಯಾಕ್ಟರ್, ಹಿಂದೆ ಕತ್ತಲು. ಊರು ಮುಟ್ಟಿದಾಗ ಆರು ಗಂಟೆ ಹತ್ತು ನಿಮಿಷ. ಅಲ್ಲಿಂದ ಹಾಸನಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಮುಕ್ಕಾಲು ಗಂಟೆ, ಭಾನುವಾರ ಸಂಜೆ ಅಂದರೆ ಅದಕ್ಕೂ ಜಾಸ್ತಿ. ಹೇಮಾವತಿ ದಡದ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಬೇಕಿತ್ತು, ಅವನ ಮನೆಯಲ್ಲಿ ಅಮ್ಮ ಬಜ್ಜಿ ಹಿಟ್ಟು ಕಲಸಿಟ್ಟು ಕಾಯ್ತಿದ್ದರು. ‘ಇಪ್ಪತ್ತು ನಿಮಿಷ ಅಷ್ಟೇ’ ಅಂತ ಗದಗದವನು ಅಂದ. ‘ಆಗುತ್ತೆ ಬಿಡ್ರೋ’ ಅಂತ ಇನ್ನೊಬ್ಬರು. ಹಾಸನದವಳು ಮ್ಯಾಪ್ ತೆಗೆದು ಟ್ರಾಫಿಕ್ ನೋಡಿದಳು. ವಿಜಯಪುರದವಳು ಏನೂ ಅನ್ನಲಿಲ್ಲ. ಬೇಡ ಅಂದರೆ ಬೇರೆಯವರ ಊರು ತಪ್ಪುತ್ತೆ, ಹೂಂ ಅಂದರೆ ತನ್ನದು. ಬ್ಯಾಗಿನ ಜಿಪ್ ಎಳೆಯೋದು ಬಿಡೋದು ಮಾಡ್ತಾ ಕೂತಿದ್ದಳು.

ಆರು ಜನ ಸೇರಿ ಬಾಡಿಗೆ ಹಂಚಿಕೊಂಡಿದ್ದೆವು, 600, 600. ತಡವಾದರೆ ಬರೋ ಬಿಲ್ಲು ಹಾಗೆ ಹಂಚಿಕೆಯಾಗಲ್ಲ ಅಂತ ಗಾಡಿಯೊಳಗೆ ಎಲ್ಲರಿಗೂ ಗೊತ್ತಿತ್ತು. ಹುಡುಗರಿಗೆ ಅದು ಸೊನ್ನೆ. ಹಾಸನದವಳಿಗೆ ಅಮ್ಮನ ಬೈಗುಳ. ಚನ್ನರಾಯಪಟ್ಟಣದವಳಿಗೆ ಮೊದಲ ಕೆಂಪು. ಐದು ಜನ ಕೈ ಎತ್ತಿ ಪಾಸು ಮಾಡಿದರೂ ಬಿಲ್ಲು ಹೋಗೋದು ಆರನೆಯವಳಿಗೆ.

ಡ್ರೈವರ್ ಅಣ್ಣ ಇಂಡಿಕೇಟರ್ ಹಾಕಿ ಗಾಡಿ ಸೈಡಿಗೆ ತಂದು, ಕನ್ನಡಿಯಲ್ಲಿ ನಮ್ಮನ್ನೇ ನೋಡಿದರು. ಮಾತಾಡಿದ್ದು ಹೊಳೆನರಸೀಪುರದವನು. ‘ನಡೀರಿ ಅಣ್ಣ, ಸೀದಾ ಹಾಸನ.’ ಆಮೇಲೆ ಅಮ್ಮನಿಗೆ ಫೋನ್ ಮಾಡಿ ‘ಇಲ್ಲ ಅಮ್ಮ, ಇನ್ನೊಂದ್ಸಲ’ ಅಂದ. ಅಮ್ಮ ಏನಂದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ನಮ್ಮೂರು ನಿಮ್ ಪಾಲಿಗೆ ಒಂದು ಸಿಗ್ನಲ್ ಅಷ್ಟೇ ಅಲ್ವಾ’ ಅಂತ ಕಿಟಕಿ ಕಡೆ ನೋಡ್ಕೊಂಡು ಅಂದ. ಯಾರೂ ನಗಲಿಲ್ಲ. ಅವನ ಪ್ಲೇಲಿಸ್ಟ್ ಹಾಕಿ ಅಂತ ವಿಜಯಪುರದವಳು ಕೇಳಿದಳು. ಹಾಸನದ ತನಕ ಅದೇ ಓಡಿತು, ಪರವಾಗಿಲ್ಲ ಅನ್ನೋ ಹಾಗಿತ್ತು, ಮಧ್ಯೆ ಎರಡು ತಮಿಳು ಹಾಡು ಯಾಕಿತ್ತೋ ಗೊತ್ತಿಲ್ಲ.

ಗೇಟಿನ ಮುಂದೆ ಇಳಿದಾಗ ಏಳು ಹದಿನೆಂಟು. ಇಬ್ಬರೂ ಓಡಲಿಲ್ಲ, ನಡೆದುಕೊಂಡೇ ಹೋದರು. ವಾಚ್‌ಮನ್ ರಿಜಿಸ್ಟರನ್ನು ನೀಲಿ ಪೆನ್ನಿನ ಜೊತೆ ಮುಂದೆ ತಳ್ಳಿದ್ದನ್ನು ನಾವು ಗಾಡಿಯಲ್ಲೇ ಕೂತು ನೋಡಿದೆವು. ಡ್ರೈವರ್ ಅಣ್ಣ 3,600 ಎಣಿಸಿಕೊಂಡು ನೂರು ವಾಪಸ್ ಕೊಟ್ಟರು, ‘ಅಜ್ಜಿ ಊಟ ಹಾಕವ್ರೆ’ ಅಂತ.

ಹೋಗೋರಿಗೆ ಉಪಯೋಗ ಆಗಲಿ ಅಂತ ಉಳಿದ ಲೆಕ್ಕ. ಮೂರು-ನಾಲ್ಕು ಜನ ಇದ್ದು ಯಾರಿಗೂ ಗೇಟಿನ ತಲೆಬಿಸಿ ಇಲ್ಲ ಅಂದರೆ ಕೆಎಸ್‌ಆರ್‌ಟಿಸಿ ಬಿಟ್ಟು ಬೇರೆ ಯೋಚನೆಯೇ ಬೇಡ. ಐದಾರು ಜನ, ಹಳ್ಳಿ ಕಡೆ ಹೋಗೋದು ಅಂದರೆ ಹಳದಿ ಬೋರ್ಡಿನ ಗಾಡಿ ಮಾಡಿಕೊಳ್ಳಿ, ಹತ್ತೋ ಮೊದಲೇ ಒಟ್ಟು ದುಡ್ಡು ಮಾತಾಡಿ, ಡ್ರೈವರ್ ಊಟವೂ ಸೇರಿಸಿ. 21 ಆದ ಸೀನಿಯರ್‌ಗಳು ಸೆಲ್ಫ್ ಡ್ರೈವ್ ತಗೊಳ್ಳೋದಾದರೆ ಕಪ್ಪು ಬೋರ್ಡ್ ನೋಡಿಕೊಳ್ಳಿ, ಕೀ ತಗೊಳ್ಳೋ ಮೊದಲು ಕಾರಿನ ಸುತ್ತ ವಿಡಿಯೋ ಮಾಡಿಕೊಳ್ಳಿ, ಹಳೇ ಗೀರಿಗೂ ಡೆಪಾಸಿಟ್ ಹಿಡಿದ ಕಥೆ ಹಾಸ್ಟೆಲಿನಲ್ಲಿ ಬೇಕಾದಷ್ಟಿವೆ. ಕಾಲೇಜಿನ ಬಸ್ಸಲ್ಲಿ ಹೋಗೋರು ಫೋನ್ ಆನ್ ಇಟ್ಟಿರಿ, ಅಷ್ಟು ಮಾಡಿದರೆ ನುಗ್ಗೇಹಳ್ಳಿ ಸಿಗುತ್ತೆ.

ನಮಗೆ ನುಗ್ಗೇಹಳ್ಳಿಯೂ ಬಾಕಿ, ಹೊಳೆನರಸೀಪುರವೂ ಬಾಕಿ. ಸೆಮ್ ಎಂಡ್ ಮುಗಿದ ಮಾರನೇ ದಿನ ಹಾಸ್ಟೆಲ್ ಖಾಲಿಯಾಗುತ್ತೆ, ಅವತ್ತು ಗೇಟೂ ಇಲ್ಲ ರಿಜಿಸ್ಟರೂ ಇಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ಹೊಳೆನರಸೀಪುರ, ಮೊದಲು ಬಜ್ಜಿ, ಆಮೇಲೆ ದೇವಸ್ಥಾನ, ಈ ಅನುಕ್ರಮ ಅವನ ಅಮ್ಮನದು. ವಿಜಯಪುರದವಳು ಊರಿನ ಟಿಕೆಟನ್ನು ಒಂದು ದಿನ ಮುಂದಕ್ಕೆ ಹಾಕಿಕೊಂಡಿದ್ದಾಳೆ, ಅವಳಪ್ಪನಿಗೆ ಹೇಳಿಯೇ.